ಕತ್ತರಿಗೆ ಮೊದಲು ಕೈಯಾಸರೆ

ಮಂಗಳೂರಿನ ಬಂದರಿನ ಓಣಿಗಳಲ್ಲಿ, ಮನೆಮಾತು ತುಳುವಾಗಿರಲಿ, ಬ್ಯಾರಿಯಾಗಿರಲಿ, ಕೊಂಕಣಿಯಾಗಿರಲಿ, ಚೊಚ್ಚಲ ಬಸುರಿಗೆ ಹಿರಿಯ ಹೆಂಗಸರು ಹೇಳುವ ಮಾತುಗಳಲ್ಲಿ ಒಂದು ಎಲ್ಲೆಲ್ಲಿಯೂ ಸಮಾನವಾಗಿದೆ: ಮೊದಲ ಹೆರಿಗೆ ಎಂದಮೇಲೆ ಹೊಲಿಗೆ ಬೀಳದೆ ಇರದು. ಬಂದರಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, 1924ರಿಂದ 1929ರವರೆಗೆ ಮದರಾಸಿನ ಗವರ್ನರರಾಗಿದ್ದ ಗೋಶನ್ನರ ಪತ್ನಿಯ ಹೆಸರನ್ನು ಹೊತ್ತ ಲೇಡಿಗೋಶನ್ ಸರ್ಕಾರಿ ಹೆರಿಗೆ ಆಸ್ಪತ್ರೆಯಿದೆ. ಸೂಲಗಿತ್ತಿಯ ಕೈಯಿಂದ ಇಂತಹ ಆಸ್ಪತ್ರೆಗಳ ಕೈಗೆ ಪ್ರಸವವು ದಾಟಿದುದರಿಂದ ಅಸಂಖ್ಯ ತಾಯಂದಿರ ಪ್ರಾಣವುಳಿಯಿತೆಂಬುದು ನಿರ್ವಿವಾದ. ಆದರೆ ಹೊಲಿಗೆಯ ಅನಿವಾರ್ಯತೆಯ ನಂಬಿಕೆ ಮಾತ್ರ ಪರೀಕ್ಷೆಗೆ ನಿಲ್ಲುವಂತಹದಲ್ಲ.

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಣ, ಚರ್ಮ ಹಾಗೂ ಸ್ನಾಯುಗಳಿಂದಾದ ಸ್ಥಳವನ್ನು ವೈದ್ಯರು ಪೆರಿನಿಯಮ್ ಎನ್ನುತ್ತಾರೆ. ಅಲ್ಲಿ ಆಗುವ ಸೀಳಿಗೆ ನಾಲ್ಕು ದರ್ಜೆಗಳುಂಟು: ಚರ್ಮ ಮಾತ್ರ ಹರಿದರೆ ಮೊದಲನೆಯದು, ಸ್ನಾಯುವೂ ಹರಿದರೆ ಎರಡನೆಯದು, ಮಲವನ್ನು ತಡೆಹಿಡಿಯುವ ಗುದಸ್ನಾಯುವಿಗೆ ತಗುಲಿದರೆ ಮೂರನೆಯದು, ಗುದನಾಳದ ಒಳಪದರವನ್ನೂ ದಾಟಿದರೆ ನಾಲ್ಕನೆಯದು. ವೈದ್ಯರು ಬೇಕೆಂದೇ ಕತ್ತರಿಸುವ ಎಪಿಸಿಯಾಟಮಿಯೂ ಸ್ನಾಯುವನ್ನು ಕತ್ತರಿಸುವುದರಿಂದ ಎರಡನೆಯ ದರ್ಜೆಯ ಗಾಯವೇ ಎಂಬುದನ್ನು ಓದುಗರು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ 'ಹರಿಯುವುದಕ್ಕಿಂತ ಕತ್ತರಿಸುವುದು ಮೇಲು' ಎಂಬ ವಾದವು ಎಡವುವುದು ಇಲ್ಲಿಯೇ.

1742ರಲ್ಲಿ ಡಬ್ಲಿನ್ನಿನ ಫೀಲ್ಡಿಂಗ್ ಔಲ್ಡ್ ಎಂಬ ವೈದ್ಯನು ಅತ್ಯಂತ ಕಷ್ಟದ ಹೆರಿಗೆಗೆ ಮಾತ್ರ ಸೂಚಿಸಿದ ಈ ಛೇದವನ್ನು, 1920ರಲ್ಲಿ ಶಿಕಾಗೋ ನಗರದ ಜೋಸೆಫ್ ಡಿಲೀ ಎಂಬ ಪ್ರಸೂತಿ ತಜ್ಞರು ಸಾಮಾನ್ಯ ಹೆರಿಗೆಗೂ ಮುಂಜಾಗ್ರತೆಯೆಂದು ಪ್ರತಿಪಾದಿಸಿದರು; ಅಲ್ಲಿಂದ ಅದು ಪಠ್ಯಪುಸ್ತಕಗಳ ಮೂಲಕ ಜಗತ್ತಿನ ಪ್ರಸೂತಿಗೃಹಗಳಿಗೆಲ್ಲ ಹಬ್ಬಿತು. ನೇರವಾದ ಛೇದವು ಅನಂತರ ಹರಿಯುವುದನ್ನು ತಡೆಯುತ್ತದೆಂಬುದು ಊಹೆ. ಆದರೆ ಅರಿವೆಯಂಗಡಿಯವನು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು, ಮಿಕ್ಕುದನ್ನು ಕೈಯಿಂದಲೇ ಸರ್ರನೆ ಸೀಳುವುದನ್ನು ಕಂಡವರಿಗೆ, ಕಚ್ಚು ಬಿದ್ದ ಅಂಚು ಸೀಳನ್ನು ತಡೆಯದೆ ದಾರಿ ತೋರುತ್ತದೆಂಬುದು ವಿದಿತವೇ ಆಗಿದೆ. ಇದರಿಂದಲೇ ಛೇದವನ್ನು ಗುದದಿಂದ ದೂರಕ್ಕೆ, ಓರೆಯಾಗಿ ಮಾಡಬೇಕಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು: ಶಿಶುವಿನ ತಲೆಯೊತ್ತಿನಿಂದ ಚರ್ಮವು ಹಿಗ್ಗಿರುವಾಗ ನಡುಗೆರೆಯಿಂದ 60 ಡಿಗ್ರಿ ಕೋನದಲ್ಲಿ ಮಾಡಿದ ಛೇದವು, ತಲೆ ಹೊರಬಂದು ಚರ್ಮ ಕುಗ್ಗಿದ ಮೇಲೆ ಸುಮಾರು 45 ಡಿಗ್ರಿಗೆ ಇಳಿಯುತ್ತದೆ. ಕಣ್ಣಂದಾಜಿನಲ್ಲಿ 40 ಡಿಗ್ರಿಗೆ ಕತ್ತರಿಸಿದವರು, ತಿಳಿಯದೆಯೇ ಗುದಸ್ನಾಯುವಿನ ಹತ್ತಿರಕ್ಕೆ ಬಂದಿರುತ್ತಾರೆ.

1993ರಲ್ಲಿ ಪ್ರಕಟವಾದ ಅರ್ಜೆಂಟೀನದ ದೊಡ್ಡ ಪ್ರಯೋಗವೊಂದರಲ್ಲಿ 2606 ಸ್ತ್ರೀಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದರಲ್ಲಿ ವಾಡಿಕೆಯಂತೆ, ಇನ್ನೊಂದರಲ್ಲಿ ಅಗತ್ಯವಿದ್ದಾಗ ಮಾತ್ರ ಛೇದ ಮಾಡಲಾಯಿತು. ಛೇದದ ಪ್ರಮಾಣವು ಶೇಕಡ 83ರಷ್ಟರಿಂದ 30ರಷ್ಟಕ್ಕೆ ಇಳಿದರೂ ತೀವ್ರ ಗಾಯಗಳು ಹೆಚ್ಚಲಿಲ್ಲ. ನೋವೂ ಹೊಲಿಗೆಯೂ ಕಡಿಮೆಯಾದುವು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ, ಸಹಜ ಹೆರಿಗೆಯಲ್ಲಿ ವಾಡಿಕೆಯ ಛೇದವು ಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಶಿಶುವಿನ ಉಸಿರಿಗೆ ಅಪಾಯ ಬಂದಾಗ, ಚಿಮುಟವನ್ನು (ಫೋರ್ಸೆಪ್ಸ್) ಬಳಸಬೇಕಾದಾಗ, ಕತ್ತರಿಯು ಉಪಕಾರಿಯೇ. ಅಂತಹ ಸಂದರ್ಭದಲ್ಲಿ ಅದನ್ನು ಬೇಡವೆನ್ನುವವರು ತಾಯಿಮಕ್ಕಳಿಗೆ ಹಿತೈಷಿಗಳಲ್ಲ.

ಹಾಗಾದರೆ ಗಾಯವನ್ನು ತಪ್ಪಿಸುವುದು ಹೇಗೆ? ಎಷ್ಟು ಬಾರಿ ವಿವರಿಸಿದರೂ ನನಗೆ ಬೇಸರ ಬಾರದ ಭಾಗವಿದು. ಶಿಶುವು ಗಲ್ಲವನ್ನು ಎದೆಗೊತ್ತಿಕೊಂಡು ಬರುತ್ತದೆ. ಹೆಡತಲೆಯು ಮುಂಭಾಗದ ಮೂಳೆಯ ಕಮಾನಿನಡಿಯಿಂದ ಪೂರ್ತಿಯಾಗಿ ಹೊರಬಂದ ಬಳಿಕವೇ ಮುಖವು ಮೇಲೆದ್ದರೆ, ದ್ವಾರವನ್ನು ಹಿಗ್ಗಿಸುವ ವ್ಯಾಸವು ಸುಮಾರು 10 ಸೆಂಟಿಮೀಟರು. ಆತುರದಿಂದ ಅದಕ್ಕೆ ಮೊದಲೇ ತಲೆಯೆತ್ತಿದರೆ ಆ ವ್ಯಾಸವು 11.5 ಸೆಂಟಿಮೀಟರಾಗುತ್ತದೆ. ಒಂದೂವರೆ ಸೆಂಟಿಮೀಟರು ಅಲ್ಪವೆಂದು ತೋರಬಹುದು. ಸುತ್ತಳತೆಯಲ್ಲಿ ಅದು ನಾಲ್ಕೂವರೆಗಿಂತಲೂ ಹೆಚ್ಚು, ಆ ಹೆಚ್ಚಳವನ್ನೆಲ್ಲ ಹಿಗ್ಗಿದ ಚರ್ಮವೇ ಕೊಡಬೇಕು! ಆದುದರಿಂದ ದಾದಿಯು ಒಂದು ಕೈಯಿಂದ ತಲೆಯ ವೇಗವನ್ನು ಮೆಲ್ಲನೆ ತಡೆಯುತ್ತ, ಇನ್ನೊಂದರಿಂದ ಪೆರಿನಿಯಮ್ಮಿಗೆ ಆಸರೆ ಕೊಡುತ್ತ, "ಈಗ ಮುಕ್ಕಬೇಡಮ್ಮಾ, ಬಾಯಿ ತೆರೆದು ಉಸಿರು ಬಿಡು" ಎಂದು ಹೇಳುವ ಆ ಕೆಲವು ನಿಮಿಷಗಳಲ್ಲಿಯೇ ಬಹುಪಾಲು ಫಲ ನಿರ್ಣಯವಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಆ ಹಂತದಲ್ಲಿ ಒತ್ತಿಹಿಡಿಯುವುದರಿಂದ ಮೂರನೆಯ ನಾಲ್ಕನೆಯ ದರ್ಜೆಯ ಗಾಯಗಳು ಕಡಿಮೆಯಾಗುವುದೆಂದು ಪರೀಕ್ಷೆಗಳು ತೋರಿಸಿವೆ. ಚೊಚ್ಚಲ ಬಸುರಿಯು ಸುಮಾರು 35ನೆಯ ವಾರದಿಂದ ಆ ಜಾಗವನ್ನು ಎಣ್ಣೆಯಿಂದ ನೀವಿಕೊಂಡರೆ ಹೊಲಿಗೆಯ ಸಂಭವವು ತುಸು ತಗ್ಗುತ್ತದೆ. ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದನ್ನು ಮಾತ್ರ ಬಿಡಬೇಕು.

ಹೊಲಿಗೆ ಬಿದ್ದುದೇ ಆದರೆ, ಒಂದೇ ದಾರದಿಂದ ಬಿಡದೆ ಹೊಲಿದು, ಬೇಗ ಕರಗುವ ದಾರವನ್ನು ಬಳಸುವುದರಿಂದ ನೋವು ಕಡಿಮೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯೂ, ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲೂ ಹಾಲೂಡಿಸುವ ತಾಯಿಗೆ ನಿರಪಾಯಕರ. ನಮ್ಮ ಬಾಣಂತನದ ಎಣ್ಣೆ ನೀವುವಿಕೆಯಲ್ಲಿಯೂ ಬಿಸಿನೀರ ಸ್ನಾನದಲ್ಲಿಯೂ ದೊಡ್ಡ ಅಕ್ಕರೆಯಿದೆ. ಆದರೆ ಸುಡುನೀರನ್ನು ಹೊಲಿಗೆಯ ಮೇಲೆ ಹುಯ್ಯಬಾರದು. ನೀರು ಕುಡಿಯಬಾರದು, ಸೊಪ್ಪು ತರಕಾರಿ ತಿನ್ನಬಾರದು ಎಂಬ ಪಥ್ಯದಿಂದ ಮಲಬದ್ಧತೆಯುಂಟಾಗಿ, ಮುಕ್ಕಿದಾಗ ಹೊಲಿಗೆಯೆಳೆದು, ಬಾಣಂತಿಯು ಶೌಚಕ್ಕೇ ಹೆದರುವಂತಾಗುತ್ತದೆ. ಅಜ್ಜಿಯರು ಈ ಒಂದು ಕಟ್ಟನ್ನು ಸಡಿಲಿಸಿದರೆ ಔಷಧಕ್ಕಿಂತ ಹೆಚ್ಚಿನ ಉಪಕಾರವಾದೀತು. ಮಲ, ವಾಯು ತಡೆಯಲಾಗದಿದ್ದರೆ ನಾಚಿಕೆಪಡದೆ ವೈದ್ಯರಿಗೆ ತಿಳಿಸಬೇಕು.

ಇಂತಹ ಆರೈಕೆಗೆ ತರಬೇತಾದ ಕೈಗಳು ಬೇಕು; 2018ರಲ್ಲಿ ಭಾರತ ಸರ್ಕಾರವು ದಾದಿಯರನ್ನು ಸೂಲಗಿತ್ತಿಯ ವಿದ್ಯೆಯಲ್ಲಿ ವಿಶೇಷವಾಗಿ ತರಬೇತುಗೊಳಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ವೈದ್ಯಕೀಯ, ಶುಶ್ರೂಷಾ ಕಾಲೇಜುಗಳು ಇಷ್ಟೊಂದು ಸೇರಿರುವ ನಮ್ಮ ಕರಾವಳಿಯ ವಿದ್ಯಾರ್ಥಿಗಳು, ಪ್ರತಿಯೊಂದು ಚೊಚ್ಚಲ ಹೆರಿಗೆಯಲ್ಲಿ ಕತ್ತರಿ ಬಿದ್ದಿತೇ, ಏಕೆ ಬಿದ್ದಿತು, ಛೇದದ ಕೋನವೆಷ್ಟು ಎಂಬುದನ್ನು ಬರೆದಿಟ್ಟು, ಹತ್ತನೆಯ ದಿನವೂ ಆರನೆಯ ವಾರವೂ ಬಾಣಂತಿಯ ಮನೆಗೆ ಹೋಗಿ, ಅವಳದೇ ನುಡಿಯಲ್ಲಿ ನೋವಿನ ವಿಚಾರವನ್ನು ಕೇಳಿ ದಾಖಲಿಸಬೇಕೆಂದು ನಾನು ಬೇಡಿಕೊಳ್ಳುತ್ತೇನೆ.