ಹೊಸಿಲು ದಾಟದ ಪ್ರೋಟೀನು, ಉಳಿದುಕೊಂಡ ಕಿಡ್ನಿ

ಕಿಡ್ನಿ ಕಸಿ ಮಾಡಿಸಿಕೊಂಡವರು ಗಡಿಯಾರ ನೋಡಿಕೊಂಡೇ ಔಷಧಿ ನುಂಗಬೇಕು. ಬೆಳಿಗ್ಗೆ ಒಂದು ಡೋಸ್, ಹನ್ನೆರಡು ಗಂಟೆ ಕಳೆದ ಮೇಲೆ ಇನ್ನೊಂದು. ಹೆಚ್ಚಿನವರಿಗೆ ಅದು ಟ್ಯಾಕ್ರೋಲಿಮಸ್, ಕೆಲವರಿಗೆ ಸೈಕ್ಲೋಸ್ಪೋರಿನ್. ರಕ್ತದಲ್ಲಿ ಔಷಧಿಯ ಮಟ್ಟ ಅಳೆಸುವ ದಿನ ಬೆಳಗಿನ ಡೋಸ್ ನುಂಗದೆ ಲ್ಯಾಬಿಗೆ ಹೋಗಬೇಕು. ರಕ್ತ ಕೊಟ್ಟ ಮೇಲೆಯೇ ಔಷಧಿ. ಬೇರೆಯವರ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕಾಯುವ ಈ ಔಷಧಿಗಳ ಮುಖ್ಯ ಕೆಲಸ ಕೇಳಲು ತೀರಾ ಚಿಕ್ಕದು: ಒಂದು ಪ್ರೋಟೀನು ಬಿಳಿ ರಕ್ತಕಣದ ಕೋಶಕೇಂದ್ರದೊಳಕ್ಕೆ ಕಾಲಿಡದಂತೆ ತಡೆಯುವುದು.

ಆ ಪ್ರೋಟೀನಿನ ಹೆಸರು ಎನ್‌ಫ್ಯಾಟ್. ದೇಹಕ್ಕೆ ಸೇರದ ವಸ್ತುವನ್ನು ಗುರುತಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳಲ್ಲಿ ಅದು ಸದಾ ಇರುತ್ತದೆ. ಪರಕೀಯವಾದುದು ಕಂಡೊಡನೆ ಟಿ ಕೋಶ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನನ್ನು ತಯಾರಿಸಬೇಕು. ಟಿ ಕೋಶಗಳು ಒಂದಕ್ಕೆ ಹತ್ತಾಗಿ ಬೆಳೆಯುವುದು ಅದರ ಪ್ರೇರಣೆಯಿಂದ. ಅದನ್ನು ತಯಾರಿಸುವ ಸೂಚನೆ ಡಿಎನ್‌ಎಯ ಒಂದು ಜೀನಿನಲ್ಲಿದೆ. ಜೀನಿನ ಪಕ್ಕದ ಡಿಎನ್‌ಎ ಮೇಲೆ ಕೂತು, ಆ ಸೂಚನೆಯ ನಕಲು ತೆಗೆಯುವ ಕೆಲಸವನ್ನು ಶುರುಮಾಡಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಎನ್‌ಫ್ಯಾಟ್ ಅಂಥದ್ದೊಂದು. ತೊಡಕೆಂದರೆ, ಡಿಎನ್‌ಎ ಇರುವುದು ಕೋಶಕೇಂದ್ರದ ಒಳಗೆ. ಪ್ರೋಟೀನುಗಳು ತಯಾರಾಗುವುದು ಹೊರಗಿನ ಕೋಶದ್ರವ್ಯದಲ್ಲಿ. ಕೂರಬೇಕಾದ ಜಾಗಕ್ಕೆ ಅದು ಪ್ರಯಾಣ ಮಾಡಲೇಬೇಕು.

ಕೋಶಕೇಂದ್ರದ ಸುತ್ತ ಎರಡು ಪದರದ ಪೊರೆಯಿದೆ. ಅದರ ತುಂಬ ಸಾವಿರಾರು ರಂಧ್ರಗಳು. ಸುಮಾರು ಮೂವತ್ತು ಬಗೆಯ ಪ್ರೋಟೀನುಗಳ ಸಾವಿರದಷ್ಟು ಅಣುಗಳು ಸೇರಿ ಒಂದೊಂದು ರಂಧ್ರವಾಗಿದೆ. ರಂಧ್ರದ ನಡುವೆ ಎಳೆ ಎಳೆಯಾಗಿ ಚಾಚಿಕೊಂಡ ಪ್ರೋಟೀನುಗಳು ಒಂದಕ್ಕೊಂದು ತೊಡರಿ, ಲೋಳೆಸರದ ತಿರುಳಿನಂಥ ಜಿಗುಟಾದ ಜಾಲವಾಗಿರುತ್ತವೆ. ನೀರು, ಲವಣ, ಚಿಕ್ಕಪುಟ್ಟ ಅಣುಗಳು ಅದರಲ್ಲಿ ಸಲೀಸಾಗಿ ಹಾಯುತ್ತವೆ. ತೂಕ 40,000 ಡಾಲ್ಟನ್ ಸಮೀಪಿಸಿತೆಂದರೆ ದಾರಿ ಕಷ್ಟವಾಗುತ್ತದೆ. ಟಿ ಕೋಶದಲ್ಲಿರುವ ಎನ್‌ಫ್ಯಾಟ್-1 ಎಂಬ ಬಗೆ ಇದರ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ.

ದೊಡ್ಡ ಪ್ರೋಟೀನುಗಳು ಹೇಗೆ ಒಳಹೋಗುತ್ತವೆ ಎಂಬುದಕ್ಕೆ 1984ರಲ್ಲಿ ಲಂಡನ್ನಿನಲ್ಲಿ ಸ್ಪಷ್ಟ ಉತ್ತರ ಸಿಕ್ಕಿತು. ಡೇನಿಯಲ್ ಕಾಲ್ಡೆರಾನ್, ಅಲನ್ ಸ್ಮಿತ್ ಮತ್ತು ಸಂಗಡಿಗರು ಎಸ್‌ವಿ40 ಎಂಬ ವೈರಸ್ಸಿನ ಪ್ರೋಟೀನೊಂದನ್ನು ಪರೀಕ್ಷಿಸುತ್ತಿದ್ದರು. ಅದರ ಏಳು ಅಮೈನೋ ಆಮ್ಲಗಳ ತುಣುಕೊಂದರಲ್ಲಿ ಐದು ಧನ ವಿದ್ಯುದಂಶ ಹೊತ್ತ ಲೈಸಿನ್ ಮತ್ತು ಆರ್ಜಿನಿನ್. ಒಂದು ಲೈಸಿನ್ ಬದಲಿಸಿದರೆ ಸಾಕು, ಇಡೀ ಪ್ರೋಟೀನು ಹೊರಗೇ ಉಳಿಯುತ್ತಿತ್ತು. ಸಕ್ಕರೆಯನ್ನು ಒಡೆಯುವ ಪೈರುವೇಟ್ ಕೈನೇಸ್ ಎಂಬ ಕಿಣ್ವಕ್ಕೆ ಕೋಶಕೇಂದ್ರದಲ್ಲಿ ಕೆಲಸವಿಲ್ಲ. ಅದಕ್ಕೆ ಈ ಚಿಕ್ಕ ತುಣುಕನ್ನು ಅಂಟಿಸಿದಾಗ ಅದೂ ಹೋಗಿ ಕೋಶಕೇಂದ್ರದಲ್ಲಿ ಕೂತಿತು.

ಒಳಹೋಗುವ ಗುರುತಾದ ಈ ತುಣುಕನ್ನು ಹಿಡಿಯುವವು ಇಂಪೋರ್ಟಿನ್ ಪ್ರೋಟೀನುಗಳು. ರಂಧ್ರದ ಜಾಲದೊಡನೆ ಇವಕ್ಕೆ ಹೊಂದಾಣಿಕೆಯಿದೆ. ಎಳೆಗಳಿಗೆ ಕ್ಷಣಕಾಲ ಅಂಟಿ, ಬಿಟ್ಟು, ಮತ್ತೆ ಅಂಟುತ್ತ ಹೊರೆಯ ಸಮೇತ ಒಳಸೇರುತ್ತವೆ. ಒಳಗೆ ರ‍್ಯಾನ್ ಎಂಬ ಪ್ರೋಟೀನು ಜಿಟಿಪಿ ಎಂಬ ಚಿಕ್ಕ ಅಣುವನ್ನು ಹೊತ್ತು ಕಾದಿರುತ್ತದೆ. ಅದು ಇಂಪೋರ್ಟಿನನ್ನು ಹಿಡಿದ ಕೂಡಲೇ ಹೊರೆ ಕಳಚುತ್ತದೆ. ರ‍್ಯಾನ್‌ಗೆ ಜಿಟಿಪಿ ತುಂಬುವ ಕಿಣ್ವ ಒಳಗೆ ಡಿಎನ್‌ಎಗೆ ಅಂಟಿಕೊಂಡಿದ್ದರೆ, ಆ ಜಿಟಿಪಿ ಒಡೆಯಲು ನೆರವಾಗುವ ಪ್ರೋಟೀನು ಹೊರಗಿದೆ. ಆದ್ದರಿಂದಲೇ ಸಾಗಣೆಗೆ ದಿಕ್ಕು ತಪ್ಪುವುದಿಲ್ಲ. ಒಂದು ರಂಧ್ರದಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಅಣುಗಳು ಹೀಗೆ ದಾಟಬಲ್ಲವು.

ಎನ್‌ಫ್ಯಾಟ್‌ಗೂ ಇಂಥ ಗುರುತಿದೆ, ಆದರೆ ಮುಚ್ಚಿಕೊಂಡಿದೆ. ವಿಶ್ರಾಂತಿಯಲ್ಲಿರುವ ಟಿ ಕೋಶದಲ್ಲಿ ಅದರ ಮೈಮೇಲೆಲ್ಲ ಫಾಸ್ಫೇಟ್‌ಗಳು ಕೂತಿರುತ್ತವೆ. ಗುರುತು ಮಡಿಕೆಯೊಳಗೆ ಅಡಗಿರುತ್ತದೆ. ಪರಕೀಯ ವಸ್ತು ತಾಗಿದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದರಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು ಎನ್‌ಫ್ಯಾಟ್-1ರ 13 ಫಾಸ್ಫೇಟ್‌ಗಳನ್ನು ಕಿತ್ತುಹಾಕುತ್ತದೆ. ಮಡಿಕೆ ಬಿಚ್ಚಿ ಗುರುತು ಹೊರಬಂದು, ಕೆಲವೇ ನಿಮಿಷಗಳಲ್ಲಿ ಪ್ರೋಟೀನು ಒಳಗಿರುತ್ತದೆ. ಅಲ್ಲಿ ಬೇರೆ ಕಿಣ್ವಗಳು ಫಾಸ್ಫೇಟ್‌ಗಳನ್ನು ಮತ್ತೆ ಹಚ್ಚಿ ಅದನ್ನು ಹೊರದೂಡಲು ಕಾದಿರುತ್ತವೆ. ಕ್ಯಾಲ್ಸಿಯಂ ಒಳಹರಿವು ನಿಂತರೆ ಎನ್‌ಫ್ಯಾಟ್‌ನ ವಾಸವೂ ಮುಗಿಯಿತು.

ಈ ಹರಿವು ಎಷ್ಟು ಮುಖ್ಯ ಎಂಬುದು 2006ರಲ್ಲಿ ತಿಳಿಯಿತು. ತೀವ್ರ ರೋಗನಿರೋಧಕ ಕೊರತೆಯಿದ್ದ ಒಂದೇ ಕುಟುಂಬದ ಶಿಶುಗಳ ದೇಹದಲ್ಲಿ ಟಿ ಕೋಶಗಳಿದ್ದವು, ಆದರೆ ಕೆಲಸ ಮಾಡುತ್ತಿರಲಿಲ್ಲ. ಕ್ಯಾಲ್ಸಿಯಂ ಒಳಬಿಡುವ ಓರೈ-1 ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು.

ಔಷಧಿಗಳು ಮಾತ್ರ ಈ ಅರಿವಿಗಿಂತ ಮೊದಲೇ ಬಂದವು. ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಲ್ಲಿ. 1978ರಲ್ಲಿ ಕೇಂಬ್ರಿಡ್ಜಿನ ರಾಯ್ ಕಾಲ್ನ್ ಅದನ್ನು ಕಸಿ ರೋಗಿಗಳಿಗೆ ಕೊಟ್ಟರು. 1983ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಟ್ಯಾಕ್ರೋಲಿಮಸ್ ಜಪಾನಿನ ಸುಕುಬಾ ಬೆಟ್ಟದ ಬಳಿಯ ಮಣ್ಣಿನ ಬ್ಯಾಕ್ಟೀರಿಯದ ಕೊಡುಗೆ. ಇವು ಮಾಡುವುದೇನೆಂದು ಗೊತ್ತಾದದ್ದು 1991ರಲ್ಲಿ, ಸ್ಟುವರ್ಟ್ ಶ್ರೈಬರ್ ಮತ್ತು ಜೆರಾಲ್ಡ್ ಕ್ರ್ಯಾಬ್‌ಟ್ರೀ ಅವರ ತಂಡಗಳಿಂದ. ಎರಡೂ ಔಷಧಿಗಳು ಕೋಶದೊಳಗಿನ ಒಂದೊಂದು ಪ್ರೋಟೀನಿನ ಜೊತೆಗೂಡಿ ಕ್ಯಾಲ್ಸಿನ್ಯೂರಿನ್ ಮೇಲೆ ಕೂರುತ್ತವೆ. ಫಾಸ್ಫೇಟ್ ಹಾಗೇ ಉಳಿಯುತ್ತದೆ, ಎನ್‌ಫ್ಯಾಟ್ ಹೊರಗೇ ಉಳಿಯುತ್ತದೆ.

ಇದಕ್ಕೊಂದು ಬೆಲೆಯೂ ಇದೆ. ಕ್ಯಾಲ್ಸಿನ್ಯೂರಿನ್ ಟಿ ಕೋಶಕ್ಕೆ ಮೀಸಲಾದ ಕಿಣ್ವವಲ್ಲ. ಮಿದುಳು, ಮೇದೋಜೀರಕ ಗ್ರಂಥಿ, ಸ್ವತಃ ಕಿಡ್ನಿಯಲ್ಲೂ ಅದಕ್ಕೆ ಕೆಲಸವಿದೆ. ಔಷಧಿ ಹೆಚ್ಚಾದರೆ ಕೈ ನಡುಗಬಹುದು, ಸಕ್ಕರೆ ಕಾಯಿಲೆ ಬರಬಹುದು, ಕಾಪಾಡಬೇಕಾದ ಕಿಡ್ನಿಯೇ ಹಾಳಾಗಬಹುದು. ಕಡಿಮೆಯಾದರೆ ತಿರಸ್ಕಾರದ ಭಯ. ಈ ಔಷಧಿಗಳನ್ನು ದೇಹದಲ್ಲಿ ಒಡೆಯುವ ಕಿಣ್ವಕ್ಕೆ ಗ್ರೇಪ್‌ಫ್ರೂಟ್ ಅಡ್ಡಿಯಾಗುವುದರಿಂದ ಅದನ್ನು ತಿನ್ನಬೇಡಿ ಎನ್ನುತ್ತಾರೆ ವೈದ್ಯರು. ನಮ್ಮ ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಬಂಧು. ತಿನ್ನುವ ಮುನ್ನ ವೈದ್ಯರನ್ನು ಕೇಳುವುದು ಲೇಸು.

ಕಿಣ್ವವನ್ನು ಪೂರ್ತಿ ಕಟ್ಟಿಹಾಕದೆ ಎನ್‌ಫ್ಯಾಟ್‌ನ ಪ್ರಯಾಣವನ್ನಷ್ಟೇ ನಿಲ್ಲಿಸಲಾಗದೇ? 1999ರಲ್ಲಿ ಅಂಜನಾ ರಾವ್ ಮತ್ತು ಪ್ಯಾಟ್ರಿಕ್ ಹೋಗನ್ ಅವರ ತಂಡ ಅಂಥದ್ದೊಂದು ಚಿಕ್ಕ ಪೆಪ್ಟೈಡನ್ನು ರೂಪಿಸಿತು. ಕ್ಯಾಲ್ಸಿನ್ಯೂರಿನ್ ಮೇಲೆ ಎನ್‌ಫ್ಯಾಟ್ ಅಂಟುವ ಜಾಗವನ್ನು ಅದು ಆಕ್ರಮಿಸುತ್ತದೆ. ಫಾಸ್ಫೇಟ್ ಕೀಳುವ ಕಿಣ್ವದ ಶಕ್ತಿಗೆ ಧಕ್ಕೆಯಿಲ್ಲ. ಆದರೆ ಪೆಪ್ಟೈಡನ್ನು ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಕೋಶದ ಪೊರೆ ದಾಟುವುದೂ ಕಷ್ಟ. ಅದೇ ಜಾಗದಲ್ಲಿ ಕೂರಬಲ್ಲ, ಮಾತ್ರೆಯಾಗಿ ನುಂಗಬಲ್ಲ ಚಿಕ್ಕ ಅಣುವೊಂದು ಸಿಕ್ಕರೆ, ಹೊಸ ಕಿಡ್ನಿಯನ್ನು ಕಾಯಲು ಅದೇ ಕಿಡ್ನಿಗೆ ಹಾನಿ ಮಾಡುವ ಪಾಡು ತಪ್ಪೀತು.