ನೂರು ಎಂ.ಎಲ್. ಲೆಕ್ಕ

ಅಮೆರಿಕದಲ್ಲಿರುವ ಮಗಳಿಗೆ ಏಳು ತಿಂಗಳಾಯಿತೆಂದರೆ ನಮ್ಮ ಬೀದಿಯ ತಾಯಂದಿರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಪಿಯುಸಿ ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು, ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಅವರಿಗೆ ಇಷ್ಟು ಅರ್ಹತೆ ಸಾಕು. "ಮೇಡಂ, ಬಾಣಂತನಕ್ಕೆ ಹೊರಟಿದೀನಿ. ಹರಳೆಣ್ಣೆ ಕೈಚೀಲದಲ್ಲಿ ಇಟ್ಕೋಬಹುದಾ?" ನಾನು ಪಟ್ಟಿ ಬರೆದುಕೊಡುವುದಿಲ್ಲ, ಕಾರಣ ಹೇಳುತ್ತೇನೆ. ಕಾರಣ ತಿಳಿದವರಿಗೆ ಪಟ್ಟಿ ಬೇಕಾಗುವುದಿಲ್ಲ.

2006ರ ಆಗಸ್ಟ್ 10ರಂದು ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲು ಮಾಡಿದರು. ತಂಪುಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿಕೊಂಡು, ಲಂಡನ್ನಿನ ಹೀಥ್ರೋದಿಂದ ಅಮೆರಿಕ, ಕೆನಡಾಗಳಿಗೆ ಹೋಗುವ ವಿಮಾನಗಳನ್ನು ಉಡಾಯಿಸುವ ಯೋಜನೆ ಅದು. ದ್ರವದ ಮೂಲವಸ್ತು ಹೈಡ್ರೋಜನ್ ಪೆರಾಕ್ಸೈಡ್. ನಮ್ಮ ಲ್ಯಾಬಿನ ಕಂದು ಬಾಟಲಿಯಲ್ಲಿ, ನರ್ಸಮ್ಮನ ಗಾಯ ತೊಳೆಯುವ ಟ್ರೇಯಲ್ಲಿ ಇರುವಂಥದ್ದೇ. ಮರುಗಳಿಗೆಯಿಂದಲೇ ಕೈಚೀಲದಲ್ಲಿ ದ್ರವ ಪದಾರ್ಥಕ್ಕೆ ನಿಷೇಧ ಬಿತ್ತು. ಕೂಸಿನ ಹಾಲನ್ನು ತಾಯಿಯೇ ಮೊದಲು ಕುಡಿದು ತೋರಿಸಬೇಕಿತ್ತು. ಕೆಲವೇ ವಾರಗಳಲ್ಲಿ ನಿಷೇಧ ಸಡಿಲವಾಗಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವೂ ನವೆಂಬರಿನಲ್ಲಿ ಯುರೋಪೂ 100 ಎಂ.ಎಲ್. ಮಿತಿಯನ್ನು ತಂದವು. ಮುಂದೆ ಅದೇ ಜಗತ್ತಿನ ನಿಯಮವಾಯಿತು.

ಎಕ್ಸ್‌ರೇ ಯಂತ್ರವಿದ್ದೂ ಅಳತೆಯ ಮಿತಿ ಏಕೆ? ಆ ಯಂತ್ರದ ಪರದೆಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ. ಇಂಗಾಲ, ಜಲಜನಕ, ಆಮ್ಲಜನಕಗಳಂಥ ಹಗುರ ಮೂಲವಸ್ತುಗಳಿಂದಾದದ್ದೆಲ್ಲ ಕಿತ್ತಳೆ. ಕೊಬ್ಬರಿ ಎಣ್ಣೆ, ಶಾಂಪೂ, ನೀರು, ಪೆರಾಕ್ಸೈಡ್ ದ್ರಾವಣ, ಎಲ್ಲವೂ ಕಿತ್ತಳೆಯೇ. ಬಾಟಲಿಯೊಳಗೆ ಏನಿದೆ ಎಂದು ಖಚಿತವಾಗಿ ಹೇಳಲಾಗದ ಕಡೆ ಎಷ್ಟು ಇರಬಹುದು ಎಂಬುದಕ್ಕೆ ಗೆರೆ ಎಳೆದರು. ನಿಯಮದ ಗುಟ್ಟು ಇಷ್ಟೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸರಾಗ. ತಪಾಸಣೆಯವರು ನೋಡುವುದು ಬಾಟಲಿಯ ಅಳತೆ, ಒಳಗೆ ಉಳಿದಿರುವ ಎಣ್ಣೆಯನ್ನಲ್ಲ. 200 ಎಂ.ಎಲ್. ಬಾಟಲಿಯ ತಳದಲ್ಲಿ ನಾಲ್ಕು ಚಮಚ ಇದ್ದರೂ ಅದು ಆಚೆಗೇ. 100 ಎಂ.ಎಲ್. ಮೀರದ ಬಾಟಲಿಗಳನ್ನೆಲ್ಲ ಒಂದು ಲೀಟರಿನ, ಮತ್ತೆ ಮುಚ್ಚಬಹುದಾದ ಪಾರದರ್ಶಕ ಜಿಪ್ ಕವರಿನಲ್ಲಿ ಹಾಕಬೇಕು. ಒಬ್ಬರಿಗೆ ಒಂದೇ ಕವರು. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ನೀರಿನ ಬಾಟಲಿಯನ್ನು ಬಿಡುತ್ತಾರೆ. ಮಂಗಳೂರಿಗೆ ಹೋಗಿಬಂದ ಆ ಅನುಭವವನ್ನು ನೆಚ್ಚಿಕೊಂಡು ವಿದೇಶಕ್ಕೆ ಹೊರಡಬೇಡಿ.

ಯಾವುದು ದ್ರವ? ಹರಿಯುವುದು, ಮೆತ್ತುವುದು, ಸಿಂಪಡಿಸುವುದು ಮೂರೂ ಲೆಕ್ಕಕ್ಕೆ ಬರುತ್ತವೆ. ಧನುರ್ಮಾಸದ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದೆಯೆಂದು ವಾದಿಸಿದರೆ ನಡೆಯದು. ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕರಗಿ ನೀರು. ಕಾಡಿಗೆ, ವ್ಯಾಸಲೀನ್, ಟೂತ್‌ಪೇಸ್ಟ್ ಕವರಿಗೇ ಹೋಗಬೇಕು. ಟೂತ್‌ಪೇಸ್ಟ್ ಮೇಲೆ ಗ್ರಾಂ ಬರೆದಿರುತ್ತದಲ್ಲ ಎಂದು ಕೇಳುತ್ತಾರೆ. ಪೇಸ್ಟು ನೀರಿಗಿಂತ ಭಾರ, ಹಾಗಾಗಿ 100 ಗ್ರಾಮಿನ ಟ್ಯೂಬಿನಲ್ಲಿ 100 ಎಂ.ಎಲ್.ಗಿಂತ ಕಡಿಮೆಯೇ ಇರುತ್ತದೆ. ಅಷ್ಟರೊಳಗಿನದನ್ನು ಕೊಳ್ಳಿ.

ಮೈಸೂರು ಸ್ಯಾಂಡಲ್ ಸೋಪಿಗೆ ಈ ತಾಪತ್ರಯ ಯಾವುದೂ ಇಲ್ಲ. ಗಟ್ಟಿ ಸಾಮಾನಿಗೆ ಕವರೂ ಬೇಡ, ಅಳತೆಯೂ ಬೇಡ. ಶಾಂಪೂ ಬದಲು ಸೀಗೆಪುಡಿ ಒಯ್ಯಿರಿ ಎನ್ನುತ್ತೇನೆ, ಆದರೆ ಒಂದು ಮಾತು ಸೇರಿಸಿ: 2018ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ ಸುಮಾರು 350 ಎಂ.ಎಲ್. ಡಬ್ಬಿಯಷ್ಟು ಇದ್ದರೆ ಬಿಚ್ಚಿ ನೋಡುತ್ತಾರೆ, ಅನುಮಾನ ತೀರದಿದ್ದರೆ ಒಳಗೆ ಬಿಡುವುದಿಲ್ಲ. ಸೀಗೆ, ಕಡಲೆಹಿಟ್ಟು, ಬಜೆಪುಡಿ ಹೆಚ್ಚಿದ್ದರೆ ದೊಡ್ಡ ಸೂಟ್‌ಕೇಸಿಗೆ ಹಾಕಿ. ಯಜಮಾನರ ರೇಜರಿನ ಬಿಡಿ ಬ್ಲೇಡುಗಳ ಜಾಗವೂ ಅದೇ.

ಪೂಜೆಯ ಚೀಲವನ್ನು ನಾನೇ ತೆಗೆಸಿ ನೋಡುತ್ತೇನೆ. ಕುಂಕುಮ, ವಿಭೂತಿ ಸರಿ. ಕರ್ಪೂರ ಬೆಂಕಿ ಹೊತ್ತುವ ಘನವಸ್ತು. ಅದು ಕೈಚೀಲಕ್ಕೂ ಬೇಡ, ಸೂಟ್‌ಕೇಸಿಗೂ ಬೇಡ.

ಔಷಧಿಗೆ, ಕೂಸಿನ ಆಹಾರಕ್ಕೆ ರಿಯಾಯಿತಿ ಇದೆ. ಪ್ರಯಾಣಕ್ಕೆ ಬೇಕಾಗುವಷ್ಟು ಸಿರಪ್ಪು 100 ಎಂ.ಎಲ್. ಮೀರಿದರೂ ಒಯ್ಯಬಹುದು. ವೈದ್ಯರ ಚೀಟಿ ಜೊತೆಗಿರಲಿ. ತಪಾಸಣೆಯವರು ಕೇಳುವ ಮೊದಲೇ ನೀವಾಗಿ ತೆಗೆದು ತೋರಿಸಿ.

ಬಾಟಲಿಯನ್ನು ಕಂಠಮಟ್ಟ ತುಂಬಬೇಡಿ, ಮುಚ್ಚುವ ಮುನ್ನ ಮೆಲ್ಲಗೆ ಹಿಚುಕಿ ಗಾಳಿ ತೆಗೆಯಿರಿ. ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಒತ್ತಡ ಇಳಿದಾಗ ಬಾಟಲಿಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ರೇಷ್ಮೆ ಸೀರೆಗೆ ಕಲೆಯಾಗುವುದು ಹೀಗೆ.

ದಾರಿಯಲ್ಲಿ ವಿಮಾನ ಬದಲಿಸುವವರು ಇನ್ನೊಂದನ್ನು ಗಮನಿಸಬೇಕು. ಡ್ಯೂಟಿ ಫ್ರೀ ಅಂಗಡಿಯ ಸುಗಂಧದ್ರವ್ಯವನ್ನು ಸೀಲು ಮಾಡಿದ ಚೀಲದಲ್ಲಿ ಕೊಡುತ್ತಾರೆ; ಊರು ಸೇರುವವರೆಗೆ ಅದನ್ನು ಒಡೆಯಬೇಡಿ, ರಸೀದಿಯನ್ನೂ ಬಿಸಾಡಬೇಡಿ. ಅಮೆರಿಕದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕಿದ್ದರೆ ಸಾಮಾನ್ಯವಾಗಿ ಸೂಟ್‌ಕೇಸು ಒಮ್ಮೆ ನಿಮ್ಮ ಕೈಗೆ ಬರುತ್ತದೆ. ಆಗಲೇ ಸುಗಂಧದ ಬಾಟಲಿಯನ್ನು ಅದರೊಳಗೆ ಸೇರಿಸಿ, ಮುಂದೆ ಮತ್ತೆ ತಪಾಸಣೆ ಇದೆ.

ಈಚೆಗೆ ಸಿ.ಟಿ. ಸ್ಕ್ಯಾನರುಗಳು ಬಂದಿವೆ. ಚೀಲವನ್ನು ಹಲವು ಕೋನಗಳಿಂದ ನೋಡಿ ವಸ್ತುವಿನ ಸಾಂದ್ರತೆಯನ್ನು ಅಂದಾಜಿಸುವುದರಿಂದ, ದ್ರವ ಯಾವುದೆಂದು ಅವು ಹೆಚ್ಚು ಚೆನ್ನಾಗಿ ಗುರುತಿಸಬಲ್ಲವು. 2024ರಲ್ಲಿ ಬ್ರಿಟನ್ನೂ ಯುರೋಪೂ ಒಮ್ಮೆ ಹಿಂದೆಸರಿದು, ಹೊಸ ಯಂತ್ರವಿದ್ದ ನಿಲ್ದಾಣಗಳಲ್ಲೂ 100 ಎಂ.ಎಲ್. ಮಿತಿಯನ್ನು ಮರಳಿ ತಂದವು. 2025ರ ಜುಲೈನಲ್ಲಿ ಎಡಿನ್‌ಬರೊ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳು ಆ ಮಿತಿಯನ್ನು ಕೈಬಿಟ್ಟವು. ಇದನ್ನು ಓದಿದ ಮಕ್ಕಳು "ಅಮ್ಮಾ, ಈಗ ಏನೂ ಇಲ್ಲ, ತಗೊಂಡು ಬಾ" ಎಂದು ಫೋನಿನಲ್ಲಿ ಹೇಳಿಬಿಡುತ್ತಾರೆ. ಅವರ ಊರಿನ ಯಂತ್ರ ಹೊಸದಿರಬಹುದು. ನಿಮ್ಮ ಚೀಲ ಹೊರಡುವುದು ಬೆಂಗಳೂರಿನಿಂದ, ಬದಲಾಗುವುದು ಇನ್ನೆಲ್ಲೋ. ದಾರಿಯಲ್ಲಿ ಅತಿ ಬಿಗಿಯಾದ ನಿಲ್ದಾಣ ಯಾವುದೋ, ಅದರ ಅಳತೆಗೇ ಚೀಲ ಕಟ್ಟಿ.