ಓದಲಾಗದ ಲಿಪಿಯನ್ನು ಎಣಿಸುವುದು

ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟದಲ್ಲಿ (1898) ನಾಗಮಂಗಲ ತಾಲ್ಲೂಕಿನ ಶಾಸನಗಳಿವೆ. ಕನ್ನಡದ ಒಂದಕ್ಷರವೂ ಬಾರದವರು ಇಂಥ ಶಾಸನಗಳ ಅಚ್ಚುಗಳನ್ನು ಮುಂದಿಟ್ಟುಕೊಂಡು ಬರೀ ಎಣಿಸಿದರೂ ಸಾಕಷ್ಟು ತಿಳಿಯುತ್ತದೆ. 'ಸ್ವಸ್ತಿ' ಎಂಬ ಗುರುತು ಮತ್ತೆ ಮತ್ತೆ ಮೊದಲಲ್ಲೇ ಬರುತ್ತದೆ, 'ಮಂಗಳ ಮಹಾ ಶ್ರೀ' ಕೊನೆಯಲ್ಲಿ. 'ಸ್ವಸ್ತಿ'ಯ ಬೆನ್ನಿಗೇ 'ಶ್ರೀ' ಅಥವಾ 'ಸಮಸ್ತ' ಬರುವುದು ಹೆಚ್ಚು. ಅರ್ಥ ಗೊತ್ತಿಲ್ಲದಿದ್ದರೂ ಬರಹಕ್ಕೊಂದು ಕಟ್ಟು ಇದೆ ಎಂಬುದು ಖಚಿತವಾಗುತ್ತದೆ. ಸಿಂಧೂ ಲಿಪಿಯ ಅಧ್ಯಯನ ನಡೆದಿರುವುದು ಈ ದಾರಿಯಲ್ಲಿ.

ಎಣಿಕೆಗೆ ಮೊದಲು ಪಟ್ಟಿ ಬೇಕು. ಐರಾವತಂ ಮಹದೇವನ್ 1977ರಲ್ಲಿ ಪ್ರಕಟಿಸಿದ ಪದಾನುಕ್ರಮಣಿಕೆಯಲ್ಲಿ 417 ಚಿಹ್ನೆಗಳಿವೆ. ಬ್ರಯನ್ ವೆಲ್ಸ್ ಅವರ ಲೆಕ್ಕದಲ್ಲಿ 676. ಇಷ್ಟು ಅಂತರ ಏಕೆಂಬುದು ಕನ್ನಡ ಓದುಗರಿಗೆ ಸುಲಭವಾಗಿ ಹೊಳೆಯುತ್ತದೆ. ಕ, ಕಾ, ಕಿ, ಕ್ಕ, ಕ್ತ ಎಲ್ಲವನ್ನೂ ಬೇರೆ ಬೇರೆ ಎಂದು ಹಿಡಿದರೆ ಕನ್ನಡದಲ್ಲಿ ನೂರಾರು ಚಿಹ್ನೆಗಳು. ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಸಿದರೆ ಅವು ಕೆಲವೇ ಹತ್ತುಗಳಿಗೆ ಇಳಿಯುತ್ತವೆ. ಲೋಥಲ್ ಉತ್ಖನನ ನಡೆಸಿದ, ಶಿವಮೊಗ್ಗ ಜಿಲ್ಲೆಯ ಆನಂದಪುರದ ಎಸ್. ಆರ್. ರಾವ್ ಹೀಗೇ ಕೂಡುಚಿಹ್ನೆಗಳನ್ನು ಬಿಡಿಸಿದರು. ಲಿಪಿಯಲ್ಲಿರುವುದು ಸಂಸ್ಕೃತಕ್ಕೆ ಹತ್ತಿರದ ಭಾಷೆಯೆಂದು 1982ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮಹದೇವನ್ ಅವರು ಒಲಿದದ್ದು ದ್ರಾವಿಡದ ಕಡೆಗೆ. ಎರಡೂ ಓದುಗಳಿಗೆ ಸರ್ವಸಮ್ಮತಿ ಸಿಗಲಿಲ್ಲ. ಯಾವುದು ಒಂದು ಚಿಹ್ನೆ ಎಂಬ ಮೊದಲ ತೀರ್ಮಾನವೇ ಮುಂದಿನ ಎಲ್ಲ ಅಂಕಿಗಳನ್ನೂ ಬದಲಿಸುತ್ತದೆ; ಈ ಅಧ್ಯಯನದ ಅತಿ ಸೂಕ್ಷ್ಮ ಹಂತ ಇದೇ.

ಮುಂದಿನದು ಸ್ಥಾನದ ಲೆಕ್ಕ. ಸಿಂಧೂ ಬರಹ ಹೆಚ್ಚಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಎರಡು ಕಿವಿಗಳ ಕುಡಿಕೆಯಂತೆ ಕಾಣುವ ಚಿಹ್ನೆಯೇ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗಿದ್ದು, ಅದರ ನೆಚ್ಚಿನ ಜಾಗ ಬರಹದ ಕೊನೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿಶಾ ಯಾದವ್, ಮಯಾಂಕ್ ವಾಹಿಯಾ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಬರಹಗಳ ಆರಂಭದ ಶೇ 80ರಷ್ಟನ್ನು 82 ಚಿಹ್ನೆಗಳು ತುಂಬಿದರೆ, ಕೊನೆಯ ಶೇ 80ಕ್ಕೆ 23 ಚಿಹ್ನೆಗಳೇ ಸಾಕು. ಆರಂಭದಲ್ಲಿ ಆಯ್ಕೆಗಳು ಹೆಚ್ಚು, ಕೊನೆ ಬಿಗಿ. ಅಕ್ಕಪಕ್ಕದ ಚಿಹ್ನೆಗಳ ಜೋಡಿ ಲೆಕ್ಕದಿಂದ ಅವರು ಮುಕ್ಕಾದ ಮುದ್ರೆಗಳಲ್ಲಿ ಅಳಿಸಿಹೋದ ಚಿಹ್ನೆಯನ್ನೂ ಊಹಿಸಿದರು. ಪರೀಕ್ಷೆಗೆಂದು ಬೇಕಂತಲೇ ಮರೆಮಾಡಿದ ಚಿಹ್ನೆಗಳಲ್ಲಿ ಸುಮಾರು ಶೇ 75 ಸರಿಯಾಗಿ ಸಿಕ್ಕವು.

ಇದೇ ತಂಡದೊಂದಿಗೆ ರಾಜೇಶ್ ರಾವ್ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಂಟ್ರೊಪಿಯ ಅಳತೆಯನ್ನು ಮಂಡಿಸಿದರು. ಒಂದು ಚಿಹ್ನೆಯ ನಂತರ ಯಾವುದು ಬಂದೀತು ಎಂಬ ಅನಿಶ್ಚಯವೇ ಇಲ್ಲಿನ ಎಂಟ್ರೊಪಿ. ಮುಂದಿನದು ಪೂರ್ತಿ ನಿಗದಿಯಾಗಿದ್ದರೆ ಅದು ಸೊನ್ನೆ; ಯಾವುದು ಬೇಕಾದರೂ ಬರಬಹುದಾದರೆ ಗರಿಷ್ಠ. ಸಿಂಧೂ ಬರಹ ಇವೆರಡರ ನಡುವೆ, ಸುಮೇರಿಯನ್, ಹಳೆಯ ತಮಿಳು, ಋಗ್ವೇದದ ಸಂಸ್ಕೃತಗಳ ಸಾಲಿನಲ್ಲಿ ನಿಂತಿತು. ಇದನ್ನು ರಿಚರ್ಡ್ ಸ್ಪ್ರೋಟ್ ಒಪ್ಪಲಿಲ್ಲ: ಭಾಷೆಯಲ್ಲದ ಲಾಂಛನಗಳಲ್ಲೂ ಅಂಥ ಕ್ರಮ ಇರಬಲ್ಲದು ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿದೆ. ಈ ಅಳತೆ ಭಾಷೆಯ ಸಾಧ್ಯತೆಗೆ ಬಲ ಕೊಡುತ್ತದೆ; ಭಾಷೆಯೇ ಎಂದು ಸಾಧಿಸುವುದಿಲ್ಲ, ಯಾವ ಭಾಷೆ ಎಂದಂತೂ ಹೇಳಲಾರದು. ಬರಹಗಳು ಸರಾಸರಿ ಐದೇ ಚಿಹ್ನೆಗಳಷ್ಟು ಚಿಕ್ಕವು, ದ್ವಿಭಾಷಾ ಶಾಸನ ಒಂದೂ ಸಿಕ್ಕಿಲ್ಲ.

ಎಣಿಕೆಯ ನಿಜವಾದ ಕಸುವು ಹೋಲಿಕೆಯಲ್ಲಿದೆ. ಪಶ್ಚಿಮ ಏಷ್ಯಾದಲ್ಲಿ ದೊರೆತ ಸಿಂಧೂ ಮುದ್ರೆಗಳನ್ನು ಇದೇ ತಂಡ ಸಿಂಧೂ ಕಣಿವೆಯ ಮಾದರಿಗೆ ಒಡ್ಡಿ ನೋಡಿತು. ಚಿಹ್ನೆಗಳು ಅವೇ, ಆದರೆ ಅವು ಸಾಲುಗೂಡಿದ ರೀತಿ ಕಣಿವೆಯ ಬರಹಗಳಲ್ಲಿ ತೀರಾ ಅಪರೂಪದ್ದು. ದೂರದ ಪೇಟೆಗಳಲ್ಲಿ ಅದೇ ಲಿಪಿಯನ್ನು ಬೇರೆ ಭಾಷೆಗೋ ಬೇರೆ ವಿಷಯಕ್ಕೋ ಬಳಸಿರಬಹುದೆಂದು ಇದರಿಂದ ಊಹಿಸಲಾಗಿದೆ.